ಸಾಮ್ರಾಜ್ಯದ ಸಂಗಾತಿ: ಸ್ಪ್ಯಾನಿಷ್ ಭಾಷೆಯ ಪ್ರಸಾರವನ್ನು ಕುರಿತು



ಈ ದತ್ತಿಯನ್ನು ಸ್ಥಾಪಿಸಿದ ಮಹನೀಯರು ವಿಷಯದ ಆಯ್ಕೆಯನ್ನು ಉಪನ್ಯಾಸಕನ ಇಷ್ಟಕ್ಕೆ ಬಿಟ್ಟಿರುವುದರಿಂದ, ಆ ಔದಾರ್ಯವನ್ನು ಸ್ವಲ್ಪ ಧಾರಾಳವಾಗಿಯೇ ಬಳಸಿಕೊಂಡು, ನಮಗೆ ಬಹುದೂರದ ಒಂದು ಭಾಷೆಯ ಚರಿತ್ರೆಯನ್ನು ತಮ್ಮ ಮುಂದಿಡಲು ಸಾಹಸಪಡುತ್ತಿದ್ದೇನೆ. ಸ್ಪ್ಯಾನಿಷನ್ನು ಮಾತೃಭಾಷೆಯಾಗಿ ಉಳ್ಳವರು ಇಂದು ಹೆಚ್ಚುಕಡಮೆ 50 ಕೋಟಿ ಮಂದಿ. ಇಪ್ಪತ್ತು ಸ್ವತಂತ್ರ ರಾಷ್ಟ್ರಗಳಲ್ಲಿ ಅದು ಆಡಳಿತದ ನುಡಿ. ಇಷ್ಟೊಂದು ವಿಸ್ತಾರಕ್ಕೆ ಕಾರಣವೇನೆಂದು ಯಾರನ್ನು ಕೇಳಿದರೂ, ಸ್ಪೇನಿನ ದೊರೆಗಳು ಕತ್ತಿಯ ಬಲದಿಂದ ದೇಶಗಳನ್ನು ಗೆದ್ದರು, ಗೆದ್ದ ದೇಶಗಳ ಮೇಲೆ ತಮ್ಮ ಭಾಷೆಯನ್ನು ಹೇರಿದರು, ಎಂಬ ಉತ್ತರ ಸಿದ್ಧವಾಗಿ ಬರುತ್ತದೆ. ಉತ್ತರದ ಮೊದಲರ್ಧ ನಿಜವೇ ಸರಿ. ಎರಡನೆಯ ಅರ್ಧವನ್ನು ನಾನು ಒಪ್ಪಲಾರೆ. ಏಕೆ ಒಪ್ಪಲಾರೆನೆಂಬುದೇ ಈ ಹೊತ್ತಿನ ನನ್ನ ವಿಷಯ.

1492ನೆಯ ವರ್ಷ ಸ್ಪೇನಿನ ಚರಿತ್ರೆಯಲ್ಲಿ ಒಂದರ ಮೇಲೊಂದರಂತೆ ಮಹತ್ತಾದ ಸಂಗತಿಗಳು ನಡೆದ ವರ್ಷ. ಆ ಜನವರಿಯಲ್ಲಿ ಅಲ್ಲಿನ ಮುಸಲ್ಮಾನರ ಕಟ್ಟಕಡೆಯ ರಾಜ್ಯವಾದ ಗ್ರನಾಡ, ಇಸಬೆಲ್ಲಾ ಮತ್ತು ಫರ್ಡಿನೆಂಡ್ ರಾಜದಂಪತಿಗಳ ಕೈವಶವಾಯಿತು. ಮಾರ್ಚಿನಲ್ಲಿ, ಯೆಹೂದ್ಯರು ಮತಾಂತರ ಹೊಂದಬೇಕು, ಇಲ್ಲವೆ ದೇಶವನ್ನು ಬಿಡಬೇಕು, ಎಂಬ ಶಾಸನ ಹೊರಟಿತು. ಆಗಸ್ಟ್ 3ರಂದು ಕೊಲಂಬಸ್ ಪಾಲೋಸ್ ರೇವಿನಿಂದ ಹಾಯಿ ಬಿಚ್ಚಿದ. ಅವನ ಹಡಗುಗಳಲ್ಲೊಂದು ಚುಕ್ಕಾಣಿ ಕೆಟ್ಟು ಕೆನರಿ ದ್ವೀಪಗಳಲ್ಲಿ ತಂಗಿದ್ದ ದಿನಗಳಲ್ಲೇ, ಅಂದರೆ ಆಗಸ್ಟ್ 18ರಂದು, ಸಲಮಾಂಕ ಪಟ್ಟಣದಲ್ಲಿ ಅಂತೋನಿಯೊ ದೆ ನೆಬ್ರಿಹ ಎಂಬ ಪಂಡಿತನ ಕ್ಯಾಸ್ಟೀಲಿಯನ್, ಅಂದರೆ ಸ್ಪ್ಯಾನಿಷ್, ವ್ಯಾಕರಣ ಅಚ್ಚಾಗಿ ಹೊರಬಂದಿತು. ಚಕ್ರಾಧಿಪತ್ಯ ಹೋದ ಕಡೆಗೆಲ್ಲ ಭಾಷೆ ಅದರ ಸಂಗಾತಿಯಾಗಿ ಹೋಗುತ್ತದೆಂಬ ಸಿದ್ಧಾಂತವನ್ನು ಮಂಡಿಸಿದವನು ಇವನೇ. ಗ್ರಂಥದ ಮಾದರಿಯನ್ನು ರಾಣಿಯ ಮುಂದಿಟ್ಟಾಗ ಆಕೆ, ಎಲ್ಲರೂ ಆಡುವ ಮಾತಿಗೆ ವ್ಯಾಕರಣದ ಪ್ರಯೋಜನವೇನು ಎಂದು ಕೇಳಿದಳಂತೆ. ಪಕ್ಕದಲ್ಲಿದ್ದ ಆವಿಲದ ಬಿಷಪ್ಪನು ಗ್ರಂಥಕರ್ತನ ಬಾಯಿಂದ ಮಾತನ್ನು ಕಸಿದುಕೊಂಡು, ಮಹಾರಾಣಿಯವರು ಬಗೆಬಗೆಯ ಅನ್ಯಭಾಷಿಕ ಜನರನ್ನು ಅಧೀನಪಡಿಸಿಕೊಂಡ ತರುವಾಯ ಸೋತವರು ಗೆದ್ದವರ ಕಾನೂನನ್ನೂ ಕಾನೂನಿನ ನುಡಿಯನ್ನೂ ಕಲಿಯಬೇಕಾಗುವುದಷ್ಟೆ, ಆಗ ಇದು ಒದಗುತ್ತದೆ, ಎಂದನಂತೆ. ಇದು ನೆಬ್ರಿಹನೇ ಮುನ್ನುಡಿಯಲ್ಲಿ ಬರೆದುಕೊಂಡಿರುವ ಪ್ರಸಂಗ.

ಯುರೋಪಿನ ದೇಶಭಾಷೆಯೊಂದಕ್ಕೆ ಅಚ್ಚಾದ ಮೊದಲ ವ್ಯಾಕರಣ ಇದು. ಕೇಶಿರಾಜ ಶಬ್ದಮಣಿದರ್ಪಣವನ್ನು ರಚಿಸಿ ಆ ವೇಳೆಗೆ ಎರಡು ಶತಮಾನ ಮಿಕ್ಕಿತ್ತೆಂದು ನೆನೆದು ಕನ್ನಡಿಗನು ಕೊಂಚ ಹೆಮ್ಮೆಪಟ್ಟರೆ ತಪ್ಪೇನೂ ಇಲ್ಲ. ಆದರೆ ಕೇಶಿರಾಜನ ಚಿಂತೆ ಕವಿಪ್ರಯೋಗದ ಶುದ್ಧಿಯನ್ನು ಕುರಿತದ್ದೇ ಹೊರತು, ಪರದೇಶದವರ ಬಾಯಲ್ಲಿ ಕನ್ನಡವನ್ನು ತುರುಕುವುದನ್ನು ಕುರಿತದ್ದಲ್ಲ. ಇರಲಿ. ನೆಬ್ರಿಹನ ಗ್ರಂಥದ ಮುಂದಿನ ಗತಿಯನ್ನು ಗಮನಿಸಬೇಕು. ಸಾಮ್ರಾಜ್ಯಕ್ಕೆ ಅನಿವಾರ್ಯವೆನಿಸಿದ ಆ ವ್ಯಾಕರಣ, ಸಾಮ್ರಾಜ್ಯವು ಶಿಖರವನ್ನೇರಿ ಇಳಿಯತೊಡಗಿದ ಎರಡೂವರೆ ಶತಮಾನಗಳ ಉದ್ದಕ್ಕೂ ಒಂದು ಸಲವಾದರೂ ಮರುಮುದ್ರಣವಾಗಲಿಲ್ಲ. ಅವನೇ 1481ರಲ್ಲಿ ಬರೆದಿದ್ದ ಲ್ಯಾಟಿನ್ ವ್ಯಾಕರಣವಾದರೋ ಮೇಲಿಂದ ಮೇಲೆ ಅಚ್ಚಾಗಿ ಹಡಗನ್ನೇರಿ ಅಟ್ಲಾಂಟಿಕ್ ಸಮುದ್ರವನ್ನು ದಾಟಿತು. ಏತಕ್ಕೆ ದಾಟಿತೆಂಬುದನ್ನು ಮುಂದೆ ಹೇಳುತ್ತೇನೆ.

ಈ ಕ್ಯಾಸ್ಟೀಲಿಯನ್ ಮೂಲತಃ ಸ್ಪೇನಿನ ಉತ್ತರಭಾಗದ ಬೆಟ್ಟಸೀಮೆಯಲ್ಲಿ, ಬಾಸ್ಕ್ ನುಡಿಯ ನೆರೆಯಲ್ಲಿ, ಒಡೆದ ಲ್ಯಾಟಿನ್ನಿನಿಂದ ಮೂಡಿದ ಹಲವು ಆಡುಮಾತುಗಳಲ್ಲೊಂದು. ಅದಕ್ಕೆ ಗ್ರಂಥಯೋಗ್ಯತೆಯನ್ನು ತಂದವನು 1252ರಿಂದ 1284ರ ವರೆಗೆ ಆಳಿದ ಹತ್ತನೆಯ ಆಲ್ಫೊನ್ಸೊ. ಯೆಹೂದ್ಯ, ಕ್ರೈಸ್ತ, ಮುಸಲ್ಮಾನ ಪಂಡಿತರ ಪರಂಪರೆಗಳು ಕೂಡಿದ್ದ ತೊಲೇದೊ ನಗರದ ವಿದ್ಯೆಯನ್ನು ಆಶ್ರಯಿಸಿ, ಖಗೋಲ, ಧರ್ಮಶಾಸ್ತ್ರ, ಇತಿಹಾಸ, ಚದುರಂಗದಾಟ ಇವೆಲ್ಲವನ್ನೂ ಅವನು ಲ್ಯಾಟಿನ್ನಿನಲ್ಲಲ್ಲದೆ ದೇಶಭಾಷೆಯಲ್ಲಿ ಬರೆಯಿಸಿದ. ಅವನು ಇನ್ನೂ ಯುವರಾಜನಾಗಿದ್ದಾಗ, 1251ರಲ್ಲಿ, ಅರಬ್ಬಿಯಿಂದ ಕ್ಯಾಸ್ಟೀಲಿಯನ್ನಿಗೆ ಬಂದ ಕಥಾಗ್ರಂಥವೊಂದುಂಟು: ಕಲಿಲ ಮತ್ತು ದಿಮ್ನ. ಇವರು ಮತ್ತಾರೂ ಅಲ್ಲ, ನಮ್ಮ ಪಂಚತಂತ್ರದ ಕರಟಕ ದಮನಕರು. ಸಂಸ್ಕೃತದಿಂದ ಪಹ್ಲವಿಗೆ, ಪಹ್ಲವಿಯಿಂದ ಅರಬ್ಬಿಗೆ ನಡೆದು, ದುರ್ಗಸಿಂಹನು ಅವರನ್ನು ಕನ್ನಡ ಚಂಪುವಿನಲ್ಲಿ ಕೂರಿಸಿದ ಇನ್ನೂರಿಪ್ಪತ್ತು ವರ್ಷಗಳ ಮೇಲೆ ಸ್ಪೇನನ್ನು ತಲಪಿದವರು. ಆ ಭಾಷೆಯ ಗದ್ಯ ತನ್ನ ಎಳೆವಯಸ್ಸಿನಲ್ಲಿ ಕಾಲೂರಿದ್ದು ಇಂಥ ಭಾಷಾಂತರಗಳ ಮೇಲೆ. ಅರಬ್ಬಿ ಮಾತಾಡುವವರನ್ನು ಓಡಿಸಿದ ತರುವಾಯವೂ ಸಾವಿರಾರು ಅರಬ್ಬಿ ಶಬ್ದಗಳು ಅದರೊಳಗೆ ಉಳಿದವು; ಊರಿನ ನಗರಾಧ್ಯಕ್ಷನನ್ನು ಸ್ಪ್ಯಾನಿಷರು ಈಗಲೂ ಕರೆಯುವುದು ಅರಬ್ಬಿಯ ‘ಖಾಜಿ’ ಶಬ್ದದಿಂದ ಬಂದ ಹೆಸರಿನಿಂದಲೇ.

ಇನ್ನು ಅಮೆರಿಕಕ್ಕೆ ಬರೋಣ. ತಾನು ಹೊರಟಿದ್ದು ಪೂರ್ವದೇಶಗಳಿಗೆಂದೇ ನಂಬಿದ್ದ ಕೊಲಂಬಸ್, ದುಭಾಷಿಯಾಗಿ ಲೂಯಿಸ್ ದೆ ತೋರೆಸ್ ಎಂಬ ಮತಾಂತರ ಹೊಂದಿದ ಯೆಹೂದ್ಯನನ್ನು ಕರೆದೊಯ್ದಿದ್ದ. ಅವನಿಗೆ ಹೀಬ್ರೂ ಬರುತ್ತಿತ್ತು, ಅರಮಾಯಿಕ್ ಬರುತ್ತಿತ್ತು, ಅರಬ್ಬಿಯೂ ಒಂದಿಷ್ಟು ಬರುತ್ತಿತ್ತು. ಕ್ಯೂಬಾ ದ್ವೀಪದ ಒಳನಾಡಿಗೆ ಚೀನದ ಮಹಾಚಕ್ರವರ್ತಿಯನ್ನು ಹುಡುಕಿಕೊಂಡು ಹೋದ ಈ ಬಹುಭಾಷಾಪಂಡಿತನಿಗೆ ಅಲ್ಲಿ ಆ ಮೂರರಲ್ಲಿ ಒಂದೂ ಒದಗಲಿಲ್ಲವೆಂದು ಹೇಳಬೇಕಾದ್ದಿಲ್ಲ. ಇದು ನಗುವ ಮಾತಾಯಿತು. ನಗಲಾಗದ್ದು 1513ರ ಸಂಗತಿ. ಆ ವರ್ಷ ರಾಜಾಸ್ಥಾನದ ನ್ಯಾಯಶಾಸ್ತ್ರಜ್ಞರು ಒಂದು ಘೋಷಣಾಪತ್ರವನ್ನು ಸಿದ್ಧಪಡಿಸಿದರು. ಜಗತ್ಸೃಷ್ಟಿಯಿಂದ ಮೊದಲುಗೊಂಡು, ಪೋಪಿನ ಅಧಿಕಾರ, ಪೋಪ್ ಸ್ಪೇನಿನ ದೊರೆಗೆ ಕೊಟ್ಟ ದಾನ, ಇವನ್ನೆಲ್ಲ ವಿವರಿಸಿ, ಶರಣಾದರೆ ಸರಿ, ಆಗದಿದ್ದರೆ ಯುದ್ಧ, ಸೆರೆ, ದಾಸ್ಯ, ಆ ದೋಷವೆಲ್ಲ ನಿಮ್ಮದೇ, ಎಂದು ಮುಗಿಯುವ ಪತ್ರ ಅದು. ದಂಡು ಏರಿಹೋಗುವ ಮುನ್ನ ಇದನ್ನು ಗಟ್ಟಿಯಾಗಿ ಓದತಕ್ಕದ್ದೆಂದು ವಿಧಿ. ಕೇಳುವವರಿಗೆ ಅರ್ಥವಾಗದ ನುಡಿಯಲ್ಲಿ, ಎಷ್ಟೋ ವೇಳೆ ಜನ ಓಡಿಹೋಗಿದ್ದ ಬರಿಯ ಗುಡಿಸಲುಗಳ ಮುಂದೆ, ಕೆಲವೊಮ್ಮೆ ಹಡಗಿನ ಮೇಲಿಂದಲೇ, ಇದನ್ನು ಓದಿ ವಿಧಿಯನ್ನು ಪೂರೈಸುತ್ತಿದ್ದರು. ಆ ಪತ್ರದ ಅಸಂಬದ್ಧತೆಗೆ ನಗಬೇಕೋ ಅಳಬೇಕೋ ತಿಳಿಯದೆಂದು ಬರೆದವನು ಬಾರ್ತೊಲೊಮೆ ದೆ ಲಾಸ್ ಕಾಸಾಸ್, ಸ್ಪೇನಿನವನೇ, ಪಾದ್ರಿಯೇ.

ಗೆಲವಿಗೆ ಭಾಷೆ ಬೇಕಾಯಿತು, ನಿಜ. ಆದರೆ ಬೇಕಾದದ್ದು ಸೋಲತಕ್ಕವರ ಭಾಷೆ. 1519ರಲ್ಲಿ ಕೊರ್ತೇಸ್ ಮೆಕ್ಸಿಕೋಕ್ಕೆ ನುಗ್ಗಿದಾಗ, ಅವನು ಸ್ಪ್ಯಾನಿಷಿನಲ್ಲಿ ಆಡಿದ್ದನ್ನು, ಹಡಗು ಒಡೆದು ಎಂಟು ವರ್ಷ ಮಾಯ ಜನಾಂಗದವರ ನಡುವೆ ಬದುಕಿದ್ದ ಅಗಿಲಾರ್ ಎಂಬವನು ಮಾಯ ಭಾಷೆಗೆ ತಿರುಗಿಸುವನು. ಮಾಯ ಮಾತನ್ನು ಮಲಿಂತ್ಸಿನ್ ಎಂಬ ತರುಣಿ ಮೆಕ್ಸಿಕೋದವರ ನಾವಾತ್ಲ್ ಭಾಷೆಗೆ ತಿರುಗಿಸುವಳು. ಉತ್ತರ ಅದೇ ದಾರಿಯಲ್ಲಿ ಹಿಂದಿರುಗುವುದು. ಅವಳು ದಾಸಿಯಾಗಿ ಕೈಯಿಂದ ಕೈಗೆ ಮಾರಿಹೋದವಳು, ಕಡೆಗೆ ಸ್ಪ್ಯಾನಿಷರಿಗೆ ಕಾಣಿಕೆಯಾಗಿ ಬಂದವಳು. ತನ್ನವರೆನ್ನಲು ಯಾರೂ ಇಲ್ಲದಿದ್ದ ಇವಳನ್ನು ಮೆಕ್ಸಿಕೋದವರು ಮುಂದೆ ಕುಲದ್ರೋಹಿಯೆಂದು ಹಳಿದುದು ನ್ಯಾಯವೆಂದು ನನಗೆ ತೋರುವುದಿಲ್ಲ.

ದೇಶ ಕೈಸೇರಿದ ಮೇಲೆ ಅದನ್ನು ಹಿಡಿದಿಡತಕ್ಕವರು ಯಾರು? ದಳವಾಯಿಗಳಿಗೆ ಬೇಕಾದದ್ದು ಬೆಳ್ಳಿ ಮತ್ತು ಬಿಟ್ಟಿ ದುಡಿಮೆ. ಜನರೊಡನೆ ದಿನನಿತ್ಯದ ವ್ಯವಹಾರ ಬಿದ್ದದ್ದು ಪಾದ್ರಿಗಳ ಪಾಲಿಗೆ. ಲಕ್ಷಾಂತರ ಮಂದಿಗೆ ಕ್ಯಾಸ್ಟೀಲಿಯನ್ ಕಲಿಸಿ ಆ ಬಳಿಕ ಧರ್ಮವನ್ನು ಬೋಧಿಸುವುದಕ್ಕಿಂತ, ನೂರಾರು ಪಾದ್ರಿಗಳು ಜನರ ನುಡಿಯನ್ನು ಕಲಿಯುವುದು ಸುಲಭವೆಂಬುದು ಅವರಿಗೆ ಬೇಗನೆ ಹೊಳೆಯಿತು. ಇದರೊಳಗೆ ಸ್ವಾರ್ಥವೂ ಇರದಿರಲಿಲ್ಲ: ಜನಕ್ಕೂ ವಸಾಹತುಗಾರನಿಗೂ ನಡುವೆ ಮಾತಾಡಬಲ್ಲವರು ತಾವೊಬ್ಬರೇ ಆದರೆ, ಅವನ ದುರ್ನಡತೆ ಜನಕ್ಕೆ ಸೋಂಕದು; ತಮ್ಮ ಅಧಿಕಾರವೂ ಅಲುಗದು. ದೊರೆತನವೂ ಈ ಪಕ್ಷವನ್ನೇ ಹಿಡಿಯಿತು. 1570ರಲ್ಲಿ ಎರಡನೆಯ ಫಿಲಿಪ್ ದೊರೆ ನಾವಾತ್ಲ್ ನುಡಿಯನ್ನು ಹೊಸ ಸ್ಪೇನ್ ಎಂದು ಕರೆಯುತ್ತಿದ್ದ ಮೆಕ್ಸಿಕೋ ಸೀಮೆಯ ಮೂಲನಿವಾಸಿಗಳ ವ್ಯವಹಾರಭಾಷೆಯೆಂದು ಅಂಗೀಕರಿಸಿದ. 1580ರಲ್ಲಿ ಲೀಮ ಮತ್ತು ಮೆಕ್ಸಿಕೋ ನಗರಗಳ ವಿಶ್ವವಿದ್ಯಾಲಯಗಳಲ್ಲಿ ದೇಶೀಯ ಭಾಷೆಗಳಿಗೆ ಪೀಠಗಳನ್ನು ಏರ್ಪಡಿಸಿ, ಅವನ್ನು ಅರಿಯದವನಿಗೆ ಪಾದ್ರಿಪದವಿ ಸಲ್ಲದೆಂದು ವಿಧಿಸಿದ. 1596ರಲ್ಲಿ ಅವನ ಮಂತ್ರಿಮಂಡಲಿ, ಕ್ಯಾಸ್ಟೀಲಿಯನ್ನನ್ನು ಕಡ್ಡಾಯ ಮಾಡೋಣವೆಂದು ಬಿನ್ನವಿಸಿಕೊಂಡಾಗ, ಜನರು ತಮ್ಮ ಸಹಜಭಾಷೆಯನ್ನು ತೊರೆಯುವಂತೆ ಬಲಾತ್ಕರಿಸುವುದು ಯುಕ್ತವಲ್ಲ, ಇಷ್ಟವುಳ್ಳವರಿಗೆ ಉಪಾಧ್ಯಾಯರನ್ನು ಒದಗಿಸಿ ಸಾಕು, ಎಂದುಬಿಟ್ಟ. ಸಂಗಾತಿಯಾಗಿ ಬಂದ ಭಾಷೆಯನ್ನು ಸಾಮ್ರಾಜ್ಯವೇ ಬಾಗಿಲಲ್ಲಿ ನಿಲ್ಲಿಸಿತು.

ನೆಬ್ರಿಹನ ಲ್ಯಾಟಿನ್ ವ್ಯಾಕರಣ ಸಮುದ್ರವನ್ನು ದಾಟಿದ್ದು ಈ ಕೆಲಸಕ್ಕಾಗಿ. ಅದನ್ನು ಮಾದರಿಯಾಗಿ ಮುಂದಿಟ್ಟುಕೊಂಡು ಪಾದ್ರಿಗಳು ವ್ಯಾಕರಣದ ಮೇಲೆ ವ್ಯಾಕರಣವನ್ನು ಬರೆದರು: ಆಂದ್ರೇಸ್ ದೆ ಓಲ್ಮೋಸ್ 1547ರಲ್ಲಿ ನಾವಾತ್ಲಿಗೆ, ಹಿಲ್ಬೆರ್ತಿ 1558ರಲ್ಲಿ ಮೆಕ್ಸಿಕೋದ್ದೇ ಆದ ಪುರೆಪೆಚಕ್ಕೆ, ದೊಮಿಂಗೊ ದೆ ಸಾಂತೊ ತೊಮಾಸ್ 1560ರಲ್ಲಿ ಪೆರುವಿನ ಕೆಚುವಕ್ಕೆ. ಇಂಗ್ಲಿಷ್ ಭಾಷೆಗೆ ಮೊದಲ ವ್ಯಾಕರಣ ಅಚ್ಚಾದದ್ದು 1586ರಲ್ಲಿ ಎಂಬುದನ್ನು ಇದರೊಡನೆ ಹೋಲಿಸಿ ನೋಡಬಹುದು. ಅಮೆರಿಕ ಖಂಡದ ಮೊದಲ ಮುದ್ರಣಾಲಯ ಮೆಕ್ಸಿಕೋ ನಗರದಲ್ಲಿ 1539ರಲ್ಲಿ ಸ್ಥಾಪಿತವಾಯಿತು. ಅದರಿಂದ ಆ ವರ್ಷವೇ ಹೊರಬಿದ್ದ ಧರ್ಮಬೋಧೆಯ ಪುಸ್ತಕ ನಾವಾತ್ಲ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ ಇತ್ತು. ಮೂಲನಿವಾಸಿಗಳ ಗ್ರಾಮಸಭೆಗಳು ರೋಮನ್ ಲಿಪಿಯನ್ನು ಕಲಿತು, ತಮ್ಮ ನುಡಿಯಲ್ಲೇ ಮರಣಶಾಸನ, ಕ್ರಯಪತ್ರ, ಗಡಿವ್ಯಾಜ್ಯದ ಅರ್ಜಿಗಳನ್ನು ಬರೆದು ನ್ಯಾಯಸ್ಥಾನಕ್ಕೆ ಸಲ್ಲಿಸುತ್ತಿದ್ದವು. ಅಂಥ ಕಾಗದಗಳು ಸಾವಿರಗಟ್ಟಲೆ ಇಂದಿಗೂ ಉಳಿದಿವೆ. 1614ರಲ್ಲಿ ಜಪಾನಿನ ರಾಯಭಾರಿಗಳು ಕತ್ತಿ ಧರಿಸಿ ಮೆಕ್ಸಿಕೋ ನಗರವನ್ನು ಪ್ರವೇಶಿಸಿದ ದೃಶ್ಯವನ್ನು ಚಿಮಲ್ಪಾಯಿನ್ ಎಂಬ ದೇಶೀಯ ಚರಿತ್ರಕಾರ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ, ನಾವಾತ್ಲಿನಲ್ಲಿ.

ಇದನ್ನು ಕೇಳಿ ಸ್ಪೇನಿನ ಆಳಿಕೆ ದಯಾಮಯವಾಗಿತ್ತೆಂದು ಯಾರೂ ಭಾವಿಸಕೂಡದು. ಪೊತೊಸಿಯ ಬೆಳ್ಳಿಬೆಟ್ಟಕ್ಕೆ ಸರದಿಯ ಮೇಲೆ ಹಿಡಿತಂದ ಆಂಡೀಸ್ ಪರ್ವತದ ರೈತರಿಗೆ ಅವರ ನುಡಿಯಲ್ಲೇ ಉಪದೇಶವಾಗುತ್ತಿತ್ತು, ಸಾಯುವುದೂ ಆಗುತ್ತಿತ್ತು. ನಾವಾತ್ಲ್ ಜನರ ಜೀವನವನ್ನು ಅವರ ಬಾಯಿಂದಲೇ ಕೇಳಿ ಹನ್ನೆರಡು ಭಾಗಗಳಲ್ಲಿ ಬರೆಯಿಸಿದ ಸಹಗೂನ್ ಪಾದ್ರಿ, 1545ರ ಮಹಾಮಾರಿಯಲ್ಲಿ ಹತ್ತು ಸಾವಿರಕ್ಕೆ ಮಿಕ್ಕಿದ ಹೆಣಗಳನ್ನು ತಾನು ಹೂಳಿದೆನೆಂದು ಹೇಳಿದ್ದಾನೆ. ಯುಕಟಾನಿನ ಮಾಣಿ ಎಂಬ ಊರಿನಲ್ಲಿ 1562ರಲ್ಲಿ ದಿಯೇಗೊ ದೆ ಲಾಂಡ ಎಂಬ ಪಾದ್ರಿ, ಮಾಯರ ಚಿತ್ರಲಿಪಿಯ ಪುಸ್ತಕಗಳನ್ನು ಸೈತಾನನ ಸುಳ್ಳುಗಳೆಂದು ಬೆಂಕಿಗೆ ಹಾಕಿಸಿದ. ಮಾಯರ ಪುಸ್ತಕಗಳಲ್ಲಿ ಇಂದು ಲೋಕದಲ್ಲಿ ಉಳಿದಿರತಕ್ಕವು ನಾಲ್ಕೇ ನಾಲ್ಕು. ಆದರೆ ಅದೇ ಲಾಂಡ, ತನ್ನ ಮೇಲೆ ವಿಚಾರಣೆ ನಡೆಯುತ್ತಿದ್ದ ಕಾಲದಲ್ಲಿ ಮಾಯರ ಆಚಾರವಿಚಾರಗಳನ್ನು ಕುರಿತು ಒಂದು ಗ್ರಂಥವನ್ನು ಬರೆದು, ಅದರಲ್ಲಿ ಆ ಲಿಪಿಯ ಕೆಲವು ಚಿಹ್ನೆಗಳಿಗೆ ಉಚ್ಚಾರಣೆಯನ್ನು ಗುರುತಿಸಿಟ್ಟ. 1952ರಲ್ಲಿ ಯೂರಿ ಕ್ನೊರೊಝೋವ್ ಎಂಬ ರಷ್ಯದ ವಿದ್ವಾಂಸ ಮಾಯರ ಬರಹವನ್ನು ಓದುವ ದಾರಿಯನ್ನು ಕಂಡುಕೊಂಡದ್ದು ಆ ಟಿಪ್ಪಣಿಯನ್ನು ಆಧರಿಸಿ. ಸುಟ್ಟವನ ಕೈಬರಹವೇ ಓದುವವನಿಗೆ ಕೀಲಿಕೈಯಾಯಿತು.

ಆ ಕಾಲದ ಗ್ರಂಥಗಳಲ್ಲಿ ನನ್ನ ಮನಸ್ಸನ್ನು ಅತಿಶಯವಾಗಿ ಸೆಳೆದದ್ದು ಗ್ವಾಮಾನ್ ಪೋಮ ಎಂಬ ಪೆರುವಿನ ಮೂಲನಿವಾಸಿ ಸುಮಾರು 1615ರಲ್ಲಿ ಬರೆದು ಮುಗಿಸಿದ ಬಿನ್ನವತ್ತಳೆ. ಮೂರನೆಯ ಫಿಲಿಪ್ ದೊರೆಗೆ ಬರೆದ ಪತ್ರ ಅದು. ಪತ್ರವೆಂದರೆ, ಹೆಚ್ಚುಕಡಮೆ 1,200 ಪುಟಗಳು, 400ಕ್ಕೆ ಒಂದೆರಡು ಕಡಮೆ ಚಿತ್ರಗಳು. ಇಂಕಾ ಅರಸರ ವಂಶಾವಳಿ, ತಿಂಗಳು ತಿಂಗಳಿನ ಬೇಸಾಯ, ಪಾದ್ರಿಯೊಬ್ಬ ನೇಯ್ಗೆಯವಳನ್ನು ಒದೆಯುತ್ತಿರುವುದು, ಅಧಿಕಾರಿ ಜೂಜಾಡುತ್ತಿರುವುದು, ಎಲ್ಲವನ್ನೂ ರೇಖೆಯಲ್ಲಿ ಬರೆದು ಕೆಳಗೆ ಬರಹವನ್ನು ಹಾಕಿದ್ದಾನೆ. ಅವನ ಸ್ಪ್ಯಾನಿಷ್ ವ್ಯಾಕರಣದ ಕಟ್ಟಿಗೆ ಸಿಕ್ಕತಕ್ಕದ್ದಲ್ಲ. ಕೆಚುವದ ವಾಕ್ಯಗತಿ ಅದರ ಕೆಳಗೆ ಹರಿಯುತ್ತಿರುತ್ತದೆ, ನಡುನಡುವೆ ಕೆಚುವವೇ ಮೇಲಕ್ಕೆ ಚಿಮ್ಮುತ್ತದೆ. ದೊರೆಯ ಕೈಗೆ ಅದು ತಲಪಿತೆಂಬುದಕ್ಕೆ ಕುರುಹಿಲ್ಲ. ಹೇಗೋ ಕೋಪನ್‌ಹೇಗನ್ನಿನ ರಾಜಗ್ರಂಥಾಲಯವನ್ನು ಸೇರಿ, 1908ರಲ್ಲಿ ಒಬ್ಬ ಜರ್ಮನ್ ವಿದ್ವಾಂಸನ ಕಣ್ಣಿಗೆ ಬಿದ್ದಿತು. ಸ್ಪ್ಯಾನಿಷನ್ನು ಇವನ ಮೇಲೆ ಯಾರೂ ಹೇರಿರಲಿಲ್ಲ. ದೊರೆಯನ್ನು ದೂರುವುದಕ್ಕೆ ದೊರೆಯ ನುಡಿಯೇ ಬೇಕೆಂದು ಅವನೇ ಅದನ್ನು ಕೈಗೆತ್ತಿಕೊಂಡ.

ಈ ಫಿಲಿಪ್ ದೊರೆಗಳಿಗೂ ನಮ್ಮ ಕರಾವಳಿಗೂ ಒಂದು ಸಂಬಂಧವಿತ್ತೆಂಬುದು ನಮ್ಮಲ್ಲಿ ಹಲವರಿಗೆ ಮರೆತುಹೋಗಿದೆ. 1580ರಿಂದ 1640ರ ವರೆಗೆ ಪೋರ್ತುಗಲ್ಲಿನ ಕಿರೀಟ ಸ್ಪೇನಿನ ದೊರೆಯ ತಲೆಯ ಮೇಲಿದ್ದುದರಿಂದ, ಮಂಗಳೂರು, ಬಸ್ರೂರು, ಹೊನ್ನಾವರಗಳ ಪೋರ್ತುಗೀಸ್ ಕೋಟೆಗಳು ಆ ಅರುವತ್ತು ವರ್ಷ ಅವನ ಹೆಸರಿನಲ್ಲೇ ನಡೆದವು. 1623ರಲ್ಲಿ ಇಕ್ಕೇರಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಗೋವೆಯಿಂದ ಬಂದ ರಾಯಭಾರಿ, ಪರಮಾರ್ಥದಲ್ಲಿ, ಸ್ಪೇನಿನ ನಾಲ್ಕನೆಯ ಫಿಲಿಪ್ಪನ ರಾಯಭಾರಿ. ಭಾಷೆಯ ವಿಷಯದಲ್ಲಿಯೂ ರೀತಿ ಅದೇ. ಗೋವೆಯ ಥಾಮಸ್ ಸ್ಟೀಫನ್ಸ್ ಪಾದ್ರಿಯ ಕೊಂಕಣಿ ವ್ಯಾಕರಣ ರಾಯತೂರಿನಲ್ಲಿ ಅಚ್ಚಾದದ್ದು 1640ರಲ್ಲಿ. ಅದೇ ವರ್ಷ ಅದೇ ಜೆಸ್ವಿಟ್ ಸಂಘದ ಮೊಂತೋಯ ಪಾದ್ರಿ ಬರೆದ, ಪರಾಗ್ವೆಯ ಗ್ವಾರನಿ ಭಾಷೆಯ ವ್ಯಾಕರಣ ಮ್ಯಾಡ್ರಿಡ್ಡಿನಲ್ಲಿ ಅಚ್ಚಾಯಿತು. ಗೋವೆಯಲ್ಲಿ ಈ ನೀತಿ ಬೇಗನೆ ತಿರುಗಿತು: 1684ರಲ್ಲಿ, ಮೂರು ವರ್ಷಗಳೊಳಗೆ ಜನ ಕೊಂಕಣಿಯನ್ನು ಬಿಟ್ಟು ಪೋರ್ತುಗೀಸನ್ನು ಆಡತಕ್ಕದ್ದೆಂದು ವೈಸರಾಯ್ ಆಜ್ಞೆಮಾಡಿದ. ಕೊಂಕಣಿ ಏನಾಯಿತೆಂಬುದನ್ನು ಮಂಗಳೂರಿನವರಿಗೆ ನಾನು ಹೇಳಬೇಕಾಗಿಲ್ಲ.

ಸ್ಪೇನಿನ ನೀತಿ ತಿರುಗಿದ್ದು 1770ರಲ್ಲಿ. ದೇಶೀಯ ಭಾಷೆಗಳು ನಶಿಸಿ ಕ್ಯಾಸ್ಟೀಲಿಯನ್ ಒಂದೇ ಉಳಿಯಬೇಕೆಂದು ಮೂರನೆಯ ಕಾರ್ಲೋಸ್ ದೊರೆ, ಮೆಕ್ಸಿಕೋದ ಆರ್ಚ್‌ಬಿಷಪ್ಪನ ಪ್ರೇರಣೆಯಿಂದ, ಶಾಸನ ಹೊರಡಿಸಿದ. ಹತ್ತು ವರ್ಷದ ಮೇಲೆ ಪೆರುವಿನಲ್ಲಿ ಎರಡನೆಯ ತುಪಾಕ್ ಅಮಾರುವಿನ ಮಹಾದಂಗೆ ಎದ್ದು, 1781ರ ಮೇ 18ರಂದು ಕುಸ್ಕೋ ನಗರದ ಚೌಕದಲ್ಲಿ ಅವನನ್ನು ಕ್ರೂರವಾಗಿ ಕೊಂದಮೇಲೆ, ಇಂಕಾ ಉಡುಪು, ಇಂಕಾ ನಾಟಕ, ಕೆಚುವ ಭಾಷೆ ಇವಕ್ಕೆಲ್ಲ ನಿಷೇಧ ಬಿದ್ದಿತು. ಆದರೆ ಶಾಸನವನ್ನು ನಡೆಸುವುದಕ್ಕೆ ಶಾಲೆಗಳಿರಲಿಲ್ಲ, ಉಪಾಧ್ಯಾಯರಿರಲಿಲ್ಲ, ಹಣವಿರಲಿಲ್ಲ. ನಲವತ್ತೈವತ್ತು ವರ್ಷಗಳೊಳಗೆ ಆ ದೇಶಗಳಲ್ಲಿ ಸಾಮ್ರಾಜ್ಯವೇ ಇರಲಿಲ್ಲ. 1810ರಲ್ಲಿ ಮೆಕ್ಸಿಕೋದ ಸುಮಾರು 61 ಲಕ್ಷ ಜನರಲ್ಲಿ ನೂರಕ್ಕೆ ಅರುವತ್ತು ಮಂದಿ ಮೂಲನಿವಾಸಿಗಳೆಂದು ಆಗಿನ ಗಣನೆ. ಅವರಲ್ಲಿ ಬಹುಮಂದಿಯ ಮನೆಮಾತು ಸ್ಪ್ಯಾನಿಷ್ ಅಲ್ಲ. ಮುನ್ನೂರು ವರ್ಷದ ಆಳಿಕೆಯ ಫಲ ಇಷ್ಟು. ಇಂದು ಅದೇ ದೇಶದಲ್ಲಿ ದೇಶೀಯ ಭಾಷೆಗಳನ್ನಾಡುವವರು ನೂರಕ್ಕೆ ಆರು.

ಹಾಗಾದರೆ ಈ ಕೆಲಸವನ್ನು ಮಾಡಿದವರು ಯಾರು? ಸ್ಪೇನನ್ನು ಹೊಡೆದೋಡಿಸಿದ ಗಣರಾಜ್ಯಗಳು. ದೊರೆಯ ಕಾಲದಲ್ಲಿ ಮೂಲನಿವಾಸಿಗಳೆಂದರೆ ಬೇರೊಂದು ಪ್ರಜಾವರ್ಗ: ಅವರಿಗೆ ಬೇರೆ ಗ್ರಾಮಾಡಳಿತ, ಬೇರೆ ತೆರಿಗೆ, ಬೇರೆ ನ್ಯಾಯಸ್ಥಾನ, ಆ ಕಾರಣದಿಂದಲೇ ಬೇರೆ ಭಾಷೆ. ಇದು ಅವಮಾನಕರವಾದ ವ್ಯವಸ್ಥೆಯೆಂಬುದರಲ್ಲಿ ಸಂದೇಹವಿಲ್ಲ. ಸ್ವಾತಂತ್ರ್ಯ ಬಂದು, ಎಲ್ಲರೂ ಸಮಾನ ಪೌರರು, ಎಲ್ಲರಿಗೂ ಒಂದೇ ಕಾನೂನು, ಎಂದು ಸಾರಿದಾಗ, ಆ ನ್ಯಾಯಸ್ಥಾನ ಮುಚ್ಚಿತು. ನಾವಾತ್ಲಿನಲ್ಲಿ ಬರೆದ ಅರ್ಜಿಯನ್ನು ಓದತಕ್ಕ ಗುಮಾಸ್ತನಿಲ್ಲವಾದ. ಮೆಕ್ಸಿಕೋದಲ್ಲಿ 1856ರ ಕಾನೂನಿನಿಂದ ಗ್ರಾಮದ ಸಾಮುದಾಯಿಕ ಭೂಮಿಯ ಬುಡವೇ ಅಲುಗಿ, ನುಡಿಗೆ ನೆಲೆಯಾಗಿದ್ದ ಗ್ರಾಮಜೀವನ ಸಡಿಲಿತು. ಬೆನಿತೊ ಹುವಾರೆಸನ ಬಾಳಿನಲ್ಲಿ ಈ ಚರಿತ್ರೆಯೆಲ್ಲ ಅಡಕವಾಗಿದೆ. 1806ರಲ್ಲಿ ವಹಾಕ ಪ್ರಾಂತದ ಬೆಟ್ಟದೂರಿನಲ್ಲಿ ಸಪೊತೆಕ್ ಮನೆಮಾತಿನ ರೈತಕುಟುಂಬದಲ್ಲಿ ಹುಟ್ಟಿ, ತಬ್ಬಲಿಯಾಗಿ ಕುರಿ ಕಾಯುತ್ತಿದ್ದ ಹುಡುಗ, ಹನ್ನೆರಡನೆಯ ವಯಸ್ಸಿನಲ್ಲಿ ಪಟ್ಟಣಕ್ಕೆ ನಡೆದುಹೋಗಿ ಸ್ಪ್ಯಾನಿಷನ್ನು ಕಲಿತ, ನ್ಯಾಯವಾದಿಯಾದ, 1858ರಲ್ಲಿ ಮೆಕ್ಸಿಕೋದ ಅಧ್ಯಕ್ಷನಾದ. ತನ್ನನ್ನು ಮೇಲಕ್ಕೆತ್ತಿದ ಏಣಿ ಎಲ್ಲರಿಗೂ ದೊರೆಯಲಿ ಎಂದು ಅವನು ಬಯಸಿದ್ದು ಸಹಜವಷ್ಟೆ. ಆ ಏಣಿಯನ್ನೇರಿದವರು ಮನೆಮಾತನ್ನು ಕೆಳಗೇ ಬಿಟ್ಟು ಏರಿದರು. 1910ರ ಕ್ರಾಂತಿಯ ತರುವಾಯ, 1921ರಲ್ಲಿ ಹುಟ್ಟಿದ ಶಿಕ್ಷಣ ಇಲಾಖೆ ಹಳ್ಳಿಹಳ್ಳಿಗೆ ಕಳುಹಿಸಿದ ಉಪಾಧ್ಯಾಯರು ದೇಶಭಕ್ತರು, ತ್ಯಾಗಶೀಲರು. ಸ್ಪ್ಯಾನಿಷನ್ನಲ್ಲದೆ ಬೇರೊಂದನ್ನು ತರಗತಿಯಲ್ಲಿ ಆಡಬಾರದೆಂಬುದು ಅವರಿಗಿದ್ದ ನಿರ್ದೇಶ. ಫಿಲಿಪ್ ದೊರೆ ಮಾಡಲೊಲ್ಲದ್ದನ್ನು, ಕಾರ್ಲೋಸ್ ದೊರೆ ಮಾಡಲಾರದ್ದನ್ನು, ಕಪ್ಪುಹಲಗೆ ಸಾಧಿಸಿತು.

ಈ ನಡುವೆ ಪಂಡಿತವರ್ಗಕ್ಕಿದ್ದ ಭಯವೇ ಬೇರೆ. ರೋಮ್ ಸಾಮ್ರಾಜ್ಯ ಬಿದ್ದಮೇಲೆ ಲ್ಯಾಟಿನ್ ಒಡೆದು ಹತ್ತಾರು ಭಾಷೆಗಳಾದಂತೆ, ಸ್ಪೇನ್ ತೊಲಗಿದ ಮೇಲೆ ಸ್ಪ್ಯಾನಿಷೂ ಒಡೆದೀತೆಂದು ಅವರು ಅಂಜಿದರು. ಮುಂದೆ ಸ್ಪೇನಿನ ವಿರುದ್ಧದ ಸ್ವಾತಂತ್ರ್ಯಸಮರದ ನಾಯಕನಾದ ಬಾಲಕ ಬೊಲಿವಾರನಿಗೆ ಗುರುವಾಗಿದ್ದ ವೆನಿಸ್ವೆಲದ ಆಂದ್ರೇಸ್ ಬೆಯೊ, ಚಿಲಿ ದೇಶದಲ್ಲಿ ನೆಲಸಿ, ಅಲ್ಲಿನ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾಗಿ, 1847ರಲ್ಲಿ ಅಮೆರಿಕದವರ ಉಪಯೋಗಕ್ಕೆಂದು ಸ್ಪಷ್ಟವಾಗಿ ಹೇಳಿ ಒಂದು ವ್ಯಾಕರಣವನ್ನು ಪ್ರಕಟಿಸಿದ್ದು ಈ ಅಂಜಿಕೆಯಿಂದ. ಲ್ಯಾಟಿನ್ನಿನ ಅಚ್ಚಿನಲ್ಲಿ ಎರಕ ಹೊಯ್ಯದೆ, ಆ ಭಾಷೆ ತಾನಾಗಿ ಹೇಗೆ ನಡೆಯುತ್ತದೆಂಬುದನ್ನು ನೋಡಿ ಬರೆದ ಆ ಗ್ರಂಥ, ನನ್ನ ಎಣಿಕೆಯಲ್ಲಿ, ನೆಬ್ರಿಹನದಕ್ಕಿಂತ ಮೇಲಾದದ್ದು. ಭಾಷೆ ಒಡೆಯಲಿಲ್ಲ.

ಭಾಷೆಯನ್ನು ಹರಡಿದ್ದು ಸಾಮ್ರಾಜ್ಯವಲ್ಲ, ಶಾಲೆ, ಎಂಬ ನನ್ನ ಪಕ್ಷಕ್ಕೆ ಪ್ರತ್ಯಕ್ಷ ಪ್ರಮಾಣ ಬೇಕಾದರೆ ಫಿಲಿಪ್ಪೀನ್ಸ್ ದ್ವೀಪಗಳನ್ನು ನೋಡಬೇಕು. ಎರಡನೆಯ ಫಿಲಿಪ್ಪನ ಹೆಸರನ್ನೇ ಹೊತ್ತ ಆ ದೇಶವನ್ನು ಸ್ಪೇನ್ 1565ರಿಂದ 1898ರ ವರೆಗೆ, 333 ವರ್ಷ ಆಳಿತು. ಮನಿಲಕ್ಕೂ ಮೆಕ್ಸಿಕೋದ ಅಕಪುಲ್ಕೊ ರೇವಿಗೂ ನಡುವೆ 1815ರ ವರೆಗೆ ಪ್ರತಿವರ್ಷವೂ ಬೆಳ್ಳಿ ಬರುವ, ರೇಷ್ಮೆ ಹೋಗುವ ಹಡಗೊಂದೋ ಎರಡೋ. ಸ್ಪೇನಿನಿಂದ ಬಂದು ನೆಲಸಿದವರು ಬೆರಳೆಣಿಕೆಯವರು. ಹಳ್ಳಿಗಳಲ್ಲಿ ಇದ್ದ ಸ್ಪೇನಿನವನೆಂದರೆ ಪಾದ್ರಿಯೊಬ್ಬನೇ, ಅವನು ತಗಾಲೊಗನ್ನೋ ಬಿಸಾಯವನ್ನೋ ಆಡುವನು. 1593ರಲ್ಲಿ ಮನಿಲದಲ್ಲಿ ಅಚ್ಚಾದ ಧರ್ಮಬೋಧೆಯಲ್ಲಿ ತಗಾಲೊಗ್ ನುಡಿ ಅದರ ಸ್ವಂತ ಲಿಪಿಯಲ್ಲೂ ಇದೆ. ಸ್ಪ್ಯಾನಿಷನ್ನು ಜನಕ್ಕೆ ಕಲಿಸಲು ಪಾದ್ರಿಗಳು ಮುಂದಾಗದಿದ್ದಾಗ, 1610ರಲ್ಲಿ ತೊಮಾಸ್ ಪಿನ್‌ಪಿನ್ ಎಂಬ ತಗಾಲೊಗ್ ಮುದ್ರಕನೇ ತನ್ನವರಿಗಾಗಿ ಒಂದು ಪಾಠಪುಸ್ತಕವನ್ನು ಬರೆದು ಅಚ್ಚುಹಾಕಿದ. ಸರ್ಕಾರದ ಆಸಕ್ತಿ ಎಲ್ಲಿತ್ತೆಂದರೆ, 1849ರಲ್ಲಿ ಗವರ್ನರ್ ಕ್ಲಾವೆರಿಯ, ತೆರಿಗೆಯ ಲೆಕ್ಕಕ್ಕೆ ಅನುಕೂಲವಾಗಲೆಂದು, ಅಕಾರಾದಿಯಾಗಿ ಮನೆತನದ ಹೆಸರುಗಳ ಪಟ್ಟಿಯೊಂದನ್ನು ಅಚ್ಚುಮಾಡಿಸಿ ಊರೂರಿಗೆ ಹಂಚಿದ. ಒಂದೂರಿನವರಿಗೆಲ್ಲ ಒಂದೇ ಅಕ್ಷರದಿಂದ ಮೊದಲಾಗುವ ಹೆಸರುಗಳು ಬಂದ ಉದಾಹರಣೆಗಳುಂಟು. ಹೆಸರು ಸ್ಪೇನಿನದಾಯಿತು, ಮಾತು ಆಗಲಿಲ್ಲ.

ಸ್ಪ್ಯಾನಿಷ್ ಮಾಧ್ಯಮದ ಉಚಿತ ಪ್ರಾಥಮಿಕ ಶಾಲೆಗಳಿಗೆ ಆಜ್ಞೆಯಾದದ್ದು 1863ರಲ್ಲಿ. ಅದರ ಫಲ ವಿದ್ಯಾವಂತರ ಒಂದು ಚಿಕ್ಕ ವರ್ಗ. ಆ ವರ್ಗದ ಮುಕುಟಪ್ರಾಯನು ಹೊಸೆ ರಿಸಾಲ್. ಸ್ಪೇನಿನ ಪಾದ್ರಿಪ್ರಭುತ್ವವನ್ನು ಬಯಲಿಗೆಳೆದ ಅವನ ಎರಡು ಕಾದಂಬರಿಗಳು, 1887ರಲ್ಲಿ ಬರ್ಲಿನ್ನಿನಲ್ಲಿಯೂ 1891ರಲ್ಲಿ ಗೆಂಟ್ ನಗರದಲ್ಲಿಯೂ ಅಚ್ಚಾದವು, ಇರುವುದು ಸ್ಪ್ಯಾನಿಷಿನಲ್ಲಿ. 1896ರ ಡಿಸೆಂಬರ್ 30ರಂದು ಸರ್ಕಾರ ಅವನನ್ನು ಗುಂಡಿಕ್ಕಿ ಕೊಂದಿತು. ಸ್ಪೇನನ್ನು ಧಿಕ್ಕರಿಸಿ ಎದ್ದ ಗಣರಾಜ್ಯ ತನ್ನ 1899ರ ಸಂವಿಧಾನವನ್ನು ಬರೆದುಕೊಂಡದ್ದೂ ಸ್ಪ್ಯಾನಿಷಿನಲ್ಲಿಯೇ. ಅಮೆರಿಕದ ಸಂಯುಕ್ತ ಸಂಸ್ಥಾನ ಅಷ್ಟರಲ್ಲೇ 2 ಕೋಟಿ ಡಾಲರ್ ತೆತ್ತು ದ್ವೀಪಗಳನ್ನು ಸ್ಪೇನಿನಿಂದ ಬರೆಯಿಸಿಕೊಂಡಿತ್ತು. 1901ರಲ್ಲಿ ‘ಥಾಮಸ್’ ಎಂಬ ಹಡಗಿನಲ್ಲಿ ಸುಮಾರು 500 ಮಂದಿ ಉಪಾಧ್ಯಾಯರನ್ನು ಒಟ್ಟಿಗೆ ತಂದಿಳಿಸಿ ಊರೂರಿನಲ್ಲಿ ಇಂಗ್ಲಿಷ್ ಶಾಲೆಗಳನ್ನು ತೆರೆಯಿತು. ಸ್ಪೇನಿಗೆ ಮೂರು ಶತಮಾನದಲ್ಲಿ ಆಗದ ಕೆಲಸ ಇಂಗ್ಲಿಷಿಗೆ ನಲವತ್ತು ವರ್ಷದಲ್ಲಿ ಆಯಿತು. 1945ರ ಯುದ್ಧದಲ್ಲಿ ಮನಿಲದ ಹಳೆಯ ಕೋಟೆಯೂರು, ಅದರೊಡನೆ ಸ್ಪ್ಯಾನಿಷನ್ನಾಡುತ್ತಿದ್ದ ಎಷ್ಟೋ ಮನೆಗಳು, ನೆಲಸಮವಾದವು. 1987ರ ಸಂವಿಧಾನ ಅದಕ್ಕಿದ್ದ ಅಧಿಕೃತ ಸ್ಥಾನವನ್ನು ತೆಗೆದುಹಾಕಿತು. ರಿಸಾಲನ ಕಾದಂಬರಿಗಳು ಅಲ್ಲಿನ ವಿದ್ಯಾರ್ಥಿಗಳಿಗೆ ಕಾನೂನಿನಂತೆ ಕಡ್ಡಾಯ; ಓದುವುದು ಭಾಷಾಂತರದಲ್ಲಿ. ಆದರೂ ಇಂದಿಗೂ ತಗಾಲೊಗಿನಲ್ಲಿ ವಾರದ ದಿನಗಳು, ಮೇಜು, ಕುರ್ಚಿ, ಕಿಟಕಿ, ಚಮಚ ಎಲ್ಲವೂ ಸ್ಪ್ಯಾನಿಷಿನ ಶಬ್ದಗಳು. ಅಲ್ಲಿನ ಸಂಬೊವಾಂಗ ಪಟ್ಟಣದಲ್ಲಿ ಚವಕಾನೊ ಎಂಬ ಬೆರಕೆಯ ನುಡಿಯೇ ಮನೆಮಾತು.

ಸಾಮ್ರಾಜ್ಯದ ಸಹವಾಸವೇ ಇಲ್ಲದೆ ಬದುಕಿದ ಸ್ಪ್ಯಾನಿಷ್ ಕೂಡ ಒಂದುಂಟು. 1492ರಲ್ಲಿ ದೇಶಭ್ರಷ್ಟರಾದ ಯೆಹೂದ್ಯರು ತುರ್ಕಿ ಸುಲ್ತಾನರ ಆಶ್ರಯದಲ್ಲಿ ಸಲೋನಿಕ, ಇಸ್ತಾಂಬುಲ್, ಇಜ್ಮೀರ್ ನಗರಗಳಲ್ಲಿ ನೆಲಸಿ, ತಮ್ಮನ್ನು ಹೊರದೂಡಿದ ದೇಶದ ಮಾತನ್ನು ಹೀಬ್ರೂ ಲಿಪಿಯಲ್ಲಿ ಬರೆಯುತ್ತ, ತಾಯಿಯಿಂದ ಮಗಳಿಗೆ ನಾಲ್ಕೂವರೆ ಶತಮಾನ ಕಾಪಾಡಿಕೊಂಡು ಬಂದರು. 1981ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಎಲಿಯಾಸ್ ಕನೆಟ್ಟಿ ಬಲ್ಗೇರಿಯದಲ್ಲಿ ಹುಟ್ಟಿ ಮೊದಲು ಆಡಿದ್ದು ಈ ಸ್ಪ್ಯಾನಿಷನ್ನು. ಸಲೋನಿಕದ ಸಮುದಾಯವನ್ನು 1943ರಲ್ಲಿ ನಾಜಿಗಳು ಬಹುಮಟ್ಟಿಗೆ ನಿರ್ನಾಮಗೊಳಿಸಿದರು.

ಕೊನೆಯದಾಗಿ ಪರಾಗ್ವೆ. 1537ರಲ್ಲಿ ಅಸುನ್ಸಿಯೋನ್ ಪಟ್ಟಣವನ್ನು ಕಟ್ಟಿದ ಸ್ಪ್ಯಾನಿಷರು ಅಲ್ಪಸಂಖ್ಯಾತರು, ಸ್ತ್ರೀಯರನ್ನು ಕರೆತರದವರು. ಅವರ ಮಕ್ಕಳು ಗ್ವಾರನಿ ತಾಯಂದಿರ ಮಾತನ್ನಾಡಿ ಬೆಳೆದರು. ಬೆಳ್ಳಿಯಿಲ್ಲದ ಆ ಮೂಲೆಯ ಸೀಮೆಗೆ ಆಮೇಲೂ ಹೆಚ್ಚು ಮಂದಿ ಬರಲಿಲ್ಲ. ಹೀಗಾಗಿ, ಅಮೆರಿಕದಲ್ಲೆಲ್ಲ ಒಂದೇ ಒಂದು ದೇಶದಲ್ಲಿ, ಮೂಲನಿವಾಸಿಗಳಲ್ಲದವರೂ ಸೇರಿದಂತೆ ಬಹುಜನರು ದೇಶೀಯ ಭಾಷೆಯೊಂದನ್ನು ಮನೆಯಲ್ಲೂ ಸಂತೆಯಲ್ಲೂ ಆಡುತ್ತಾರೆ. 1864ರಿಂದ 1870ರ ವರೆಗಿನ ಘೋರಯುದ್ಧದಲ್ಲಿ ಸೈನಿಕರಿಗಾಗಿ ಗ್ವಾರನಿಯಲ್ಲಿ ಪತ್ರಿಕೆ ನಡೆಯಿತು; ಶಾಂತಿಕಾಲದಲ್ಲಿ ಅದೇ ನುಡಿಯನ್ನಾಡಿದ ಮಕ್ಕಳಿಗೆ ಶಾಲೆಯಲ್ಲಿ ಶಿಕ್ಷೆಯಾಗುತ್ತಿತ್ತು. 1992ರ ಸಂವಿಧಾನ ಅದನ್ನು ಸ್ಪ್ಯಾನಿಷಿಗೆ ಸಮನಾದ ರಾಜ್ಯಭಾಷೆಯನ್ನಾಗಿ ಮಾಡಿತು, ಶಾಲೆಯ ಬಾಗಿಲು ತೆರೆಯಿತು. ಆಗ ಹೊಸದೊಂದು ತೊಡಕು ಎದುರಾಯಿತು. ಪಠ್ಯಪುಸ್ತಕದ ಪಂಡಿತರು ಸ್ಪ್ಯಾನಿಷಿನ ಸೋಂಕಿಲ್ಲದ ಶುದ್ಧ ಗ್ವಾರನಿಯನ್ನು ಬಯಸಿ ಪಾರಿಭಾಷಿಕ ಶಬ್ದಗಳನ್ನು ಟಂಕಿಸಿದರು. ಮಕ್ಕಳು ಮನೆಯಲ್ಲಿ ಆಡುತ್ತಿದ್ದದ್ದು ಎರಡೂ ಬೆರೆತ ಜೊಪರ. ತಮ್ಮ ಮಕ್ಕಳಿಗೆ ಮನೆಮಾತೇ ಅರ್ಥವಾಗುತ್ತಿಲ್ಲವೆಂದು ತಾಯಿತಂದೆಗಳು ದೂರಿದರು, ಇದರ ಬದಲು ಸ್ಪ್ಯಾನಿಷನ್ನೇ ಕಲಿಸಿರೆಂದವರೂ ಉಂಟು. 2010ರ ಭಾಷಾಶಾಸನದಂತೆ ಗ್ವಾರನಿಗೆ ಒಂದು ಅಕಾಡೆಮಿ ಏರ್ಪಟ್ಟಿದೆ. ನಾನೂರೈವತ್ತು ವರ್ಷಗಳಿಂದ ಜನರ ನಾಲಗೆಯ ಮೇಲಿರುವ ಸ್ಪ್ಯಾನಿಷ್ ಶಬ್ದಗಳಲ್ಲಿ ಎಷ್ಟನ್ನು ಗ್ವಾರನಿಯವೆಂದೇ ಒಪ್ಪಿಕೊಳ್ಳಬೇಕೆಂಬುದನ್ನು ಕುರಿತು ಅಲ್ಲಿನ ವಿದ್ವಾಂಸರಲ್ಲಿ ವಾದ ನಡೆದೇ ಇದೆ. ನನ್ನ ಮತವನ್ನು ಕೇಳುವುದಾದರೆ, ನಾನು ಜೊಪರವನ್ನಾಡುವ ಸಂತೆಯವರ ಪಕ್ಷ.